ಗಣಕಯಂತ್ರದಲ್ಲಿರುವ ಲೆಕ್ಕಪತ್ರಗಳ ರಕ್ಷಣೆ ಮತ್ತು ಇ-ಮೇಲ್ ವಂಚನೆ

ಹಿಂದೆ ಮಂಡಿಯ ವರ್ತಕನ ಕಿರ್ದಿ, ಖಾತೆ ಪುಸ್ತಕಗಳು ಕೆಂಪು ರಟ್ಟಿನ ಹೊದಿಕೆಯಲ್ಲಿ ಕಬ್ಬಿಣದ ಬೀರುವಿನೊಳಗೆ ಇರುತ್ತಿದ್ದವು. ಸಂಜೆ ಅಂಗಡಿ ಮುಚ್ಚುವಾಗ ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಮನೆಗೆ ಒಯ್ಯಬೇಕೆಂಬುದನ್ನು ಯಾರಿಗೂ ಕಲಿಸಬೇಕಾಗಿರಲಿಲ್ಲ. ಇಂದು ಅದೇ ವರ್ತಕನ ಬಾಕಿದಾರರ ಪಟ್ಟಿ, ದಾಸ್ತಾನಿನ ವಿವರ, ತೆರಿಗೆ ರಿಟರ್ನ್‌ಗಳು, ಬ್ಯಾಂಕ್ ವ್ಯವಹಾರ, ಗಿರಾಕಿಗಳೊಡನೆ ನಡೆದ ಪತ್ರವ್ಯವಹಾರ ಎಲ್ಲವೂ ಮೇಜಿನ ಮೇಲಿನ ಒಂದು ಗಣಕಯಂತ್ರದಲ್ಲಿ ಅಡಕವಾಗಿವೆ. ಆ ಯಂತ್ರದ ಬಾಗಿಲು ಅಂತರಜಾಲದ ಮೂಲಕ ಹಗಲಿರುಳು ತೆರೆದೇ ಇರುತ್ತದೆ. ಪುಸ್ತಕದ ಕಾಲದಲ್ಲಿ ರೂಢಿಯಲ್ಲಿದ್ದ ಎಚ್ಚರಿಕೆಗಳು ಯಂತ್ರ ಬಂದ ಮೇಲೆ ಕೈಬಿಟ್ಟುಹೋಗಿವೆ. ಸಣ್ಣ ಉದ್ದಿಮೆಗಳಲ್ಲಿ ಕಾಣುವ ನಷ್ಟಗಳಲ್ಲಿ ಹಲವಕ್ಕೆ ಮೂಲ ಇಲ್ಲಿಯೇ ಇದೆ.

ಈ ಲೇಖನದಲ್ಲಿ ಎರಡು ಅಪಾಯಗಳನ್ನು ಪರಿಶೀಲಿಸಲಾಗಿದೆ. ಮೊದಲನೆಯದು ಲೆಕ್ಕಪತ್ರಗಳೇ ನಾಶವಾಗುವುದು. ಎರಡನೆಯದು ಇ-ಮೇಲ್ ಮೂಲಕ ಬಂದ ಸುಳ್ಳು ಸೂಚನೆಯನ್ನು ನಂಬಿ ಹಣ ಕಳೆದುಕೊಳ್ಳುವುದು. ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಎನಿಸಿದರೂ ಪರಿಹಾರದ ತತ್ತ್ವ ಒಂದೇ ಆಗಿದೆ. ಅಪಾಯವು ಯಾವ ದಾರಿಯಲ್ಲಿ ಬರುತ್ತದೆಯೋ ರಕ್ಷಣೆಯು ಆ ದಾರಿಯ ಹೊರಗೆ ಇರಬೇಕು. ಯಂತ್ರಕ್ಕೆ ತಗುಲಿಕೊಂಡೇ ಇರುವ ಪ್ರತಿಯು ಯಂತ್ರದ ಜೊತೆಗೇ ಹೋಗುತ್ತದೆ. ಇ-ಮೇಲ್‌ನಲ್ಲಿ ಬಂದ ಸೂಚನೆಯನ್ನು ಇ-ಮೇಲ್‌ನಲ್ಲೇ ವಿಚಾರಿಸಿದರೆ ಉತ್ತರ ಕೊಡುವವನೂ ವಂಚಕನೇ ಆಗಿರುತ್ತಾನೆ.

ಕಾನೂನಿನ ಹೊಣೆ

ಲೆಕ್ಕಪತ್ರಗಳ ಪ್ರತಿ ತೆಗೆದಿಡುವುದು ವರ್ತಕರ ಇಚ್ಛೆಗೆ ಬಿಟ್ಟ ಸಂಗತಿಯೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. 2022-23ನೇ ಸಾಲಿಗೆ ಆ ಕೊನೆಯ ದಿನಾಂಕ 31-12-2023 ಆಗಿದ್ದರಿಂದ ಆ ವರ್ಷದ ಲೆಕ್ಕಗಳು 31-12-2029ರವರೆಗೆ ಇರಲೇಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದಲ್ಲಿ ಆ ವಿಷಯಕ್ಕೆ ಸೇರಿದ ದಾಖಲೆಗಳನ್ನು ಅದು ಅಂತಿಮವಾಗಿ ತೀರ್ಮಾನವಾದ ಬಳಿಕವೂ ಒಂದು ವರ್ಷ ಇಡಬೇಕಾಗುತ್ತದೆ. ಅದೇ ಅಧಿನಿಯಮದಡಿಯ 57ನೇ ನಿಯಮವು ಇನ್ನೂ ಸ್ಪಷ್ಟವಾಗಿದೆ. ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆಗಳು ನಾಶವಾದರೆ ಸಮಂಜಸವಾದ ಅವಧಿಯೊಳಗೆ ಅವನ್ನು ಮರಳಿ ಪಡೆಯಲು ಸಾಧ್ಯವಾಗುವಂತೆ ವಿದ್ಯುನ್ಮಾನ ಪ್ರತಿಯನ್ನು ಇಟ್ಟಿರಬೇಕೆಂದು ಅದು ವಿಧಿಸುತ್ತದೆ. ಅಧಿಕಾರಿಗಳು ಕೇಳಿದಾಗ ಕಡತಗಳ ವಿವರವನ್ನೂ ಅವುಗಳ ಪಾಸ್‌ವರ್ಡನ್ನೂ ಒದಗಿಸಬೇಕು. ಆದ್ದರಿಂದ ‘ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು’ ಎಂಬ ಉತ್ತರ ಅಧಿಕಾರಿಯ ಎದುರು ನಿಲ್ಲುವುದು ಕಷ್ಟ.

ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ವ್ಯವಹರಿಸುವವರ ಹೊಣೆ ಇನ್ನೂ ಹೆಚ್ಚಿನದು. ಕಂಪನಿ ಅಧಿನಿಯಮ, 2013ರ 128ನೇ ಕಲಮು ಎಂಟು ಆರ್ಥಿಕ ವರ್ಷಗಳ ಪುಸ್ತಕಗಳನ್ನು ಇಡಬೇಕೆನ್ನುತ್ತದೆ. ವಿದ್ಯುನ್ಮಾನ ರೂಪದ ಲೆಕ್ಕಗಳ ಪ್ರತಿಯನ್ನು ಭಾರತದೊಳಗಿರುವ ಸರ್ವರ್‌ನಲ್ಲಿ ಇಡಬೇಕೆಂಬ ನಿಯಮದಲ್ಲಿ ಮೊದಲು ‘ನಿಯತಕಾಲಿಕವಾಗಿ’ ಎಂದಿದ್ದುದು 2022ರ ಆಗಸ್ಟ್ ತಿದ್ದುಪಡಿಯಲ್ಲಿ ‘ಪ್ರತಿದಿನ’ ಎಂದು ಬದಲಾಯಿತು. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಇದನ್ನು ಪ್ರಸ್ತಾಪಿಸುತ್ತಿರುವುದನ್ನು ಹಲವು ಕಂಪನಿಗಳ ನಿರ್ದೇಶಕರು ಈಗಾಗಲೇ ಗಮನಿಸಿರಬಹುದು.

ಪ್ರತಿ ಎಂದರೆ ಯಾವುದು?

2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ವಿನಾಶಕಾರಿ ತಂತ್ರಾಂಶವು ಉಕ್ರೇನ್ ದೇಶದಲ್ಲಿ ಹೊರಬಂದಿತು. ಅದು ಹರಡಿದ ದಾರಿ ಲೆಕ್ಕಪತ್ರ ಬಲ್ಲವರೆಲ್ಲರೂ ಗಮನಿಸಬೇಕಾದದ್ದು. ಅಲ್ಲಿನ ಉದ್ದಿಮೆಗಳು ತೆರಿಗೆ ಲೆಕ್ಕಕ್ಕಾಗಿ ವ್ಯಾಪಕವಾಗಿ ಬಳಸುತ್ತಿದ್ದ ಒಂದು ಲೆಕ್ಕಪತ್ರ ತಂತ್ರಾಂಶದ ಪರಿಷ್ಕರಣೆಯೊಳಗೆ ಅದನ್ನು ಸೇರಿಸಲಾಗಿತ್ತು. ಡೆನ್ಮಾರ್ಕಿನ ಮರ್ಸ್ಕ್ ಎಂಬ ಬೃಹತ್ ಹಡಗು ಸಾರಿಗೆ ಸಂಸ್ಥೆಯ ಗಣಕಜಾಲವೂ ಇದಕ್ಕೆ ತುತ್ತಾಯಿತು. ಅದರ ಸಮೂಹ ನಡೆಸುತ್ತಿದ್ದ, ಮುಂಬಯಿಯ ಜವಾಹರಲಾಲ್ ನೆಹರು ಬಂದರಿನಲ್ಲಿರುವ ಟರ್ಮಿನಲ್‌ನಲ್ಲೂ ಕೆಲಸ ಸ್ಥಗಿತಗೊಂಡು ಕಂಟೇನರುಗಳು ನಿಂತವು.

ಮರ್ಸ್ಕ್ ಸಂಸ್ಥೆಯ ಬಳಿ ಪ್ರತಿಗಳಿಗೆ ಕೊರತೆಯಿರಲಿಲ್ಲ. ಯಾವ ನೌಕರ ಯಾವ ಕಡತ ತೆರೆಯಬಹುದೆಂಬ ಮೂಲ ದಾಖಲೆಯನ್ನು ಹೊಂದಿದ ಸುಮಾರು 150 ಸರ್ವರುಗಳು ಲೋಕದ ಬೇರೆ ಬೇರೆ ನಗರಗಳಲ್ಲಿದ್ದು, ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಸಿಕೊಳ್ಳುವ ಏರ್ಪಾಡಿತ್ತು. ಆದರೆ ಅವೆಲ್ಲವೂ ಒಂದೇ ಜಾಲದಲ್ಲಿ ಪರಸ್ಪರ ಜೋಡಿಕೊಂಡಿದ್ದುದರಿಂದ ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಒಂದೇ ಒಂದು. ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿ ಆ ಹೊತ್ತಿಗೆ ಕರೆಂಟು ಹೋಗಿತ್ತು! ಯಂತ್ರ ಆರಿದ್ದುದರಿಂದ ವಿನಾಶ ಅದನ್ನು ಮುಟ್ಟಲಿಲ್ಲ. ಅಲ್ಲಿನ ಅಂತರಜಾಲದ ವೇಗ ಸಾಲದೆ ಆ ಡಿಸ್ಕನ್ನು ನೌಕರನೊಬ್ಬ ವಿಮಾನದಲ್ಲಿ ನೈಜೀರಿಯಕ್ಕೆ ಒಯ್ದು, ಅಲ್ಲಿ ಮತ್ತೊಬ್ಬನ ಕೈಗೆ ಕೊಟ್ಟು, ಅವನು ಅದನ್ನು ಇಂಗ್ಲೆಂಡಿಗೆ ತಲುಪಿಸಿದನು. 45,000 ಗಣಕಯಂತ್ರಗಳನ್ನೂ 4,000 ಸರ್ವರುಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಅಣಿಗೊಳಿಸಬೇಕಾಯಿತೆಂದು ಸಂಸ್ಥೆಯ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸ್‌ನಲ್ಲಿ ತಿಳಿಸಿದರು. ವಿದ್ಯುತ್ ಕಡಿತವನ್ನು ಶಪಿಸುವುದು ನಮ್ಮ ಉದ್ದಿಮೆದಾರರಿಗೆ ಅಭ್ಯಾಸವಾಗಿಹೋಗಿದೆ. ಅದರಿಂದ ಒಂದು ಮಹಾಸಂಸ್ಥೆ ಉಳಿದುಕೊಂಡ ಉದಾಹರಣೆ ಬಹುಶಃ ಇದೊಂದೇ ಇರಬೇಕು.

ಈ ಪ್ರಕರಣದಿಂದ ಸಣ್ಣ ವರ್ತಕರು ತಿಳಿಯಬೇಕಾದದ್ದು ಇಷ್ಟೆ. ಯಂತ್ರದಿಂದ ಬೇರ್ಪಡಿಸಿದ ಪ್ರತಿ ಮಾತ್ರ ಪ್ರತಿ. ಅದೇ ಯಂತ್ರದ ‘ಡಿ’ ಡ್ರೈವಿನಲ್ಲಿ ಇಟ್ಟದ್ದು ಪ್ರತಿಯಲ್ಲ. ಸದಾ ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟಿರುವ ಬಾಹ್ಯ ಹಾರ್ಡ್ ಡಿಸ್ಕನ್ನು ಕೂಡ ನೆಚ್ಚಿಕೊಳ್ಳುವಂತಿಲ್ಲ. ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ತಂತ್ರಾಂಶವು ಯಂತ್ರಕ್ಕೆ ಕಾಣುವ ಎಲ್ಲ ಡ್ರೈವುಗಳನ್ನೂ ಹುಡುಕಿಕೊಂಡು ಹೋಗುತ್ತದೆ. ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳಂತಹ ಸೇವೆಗಳ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. ಅವು ಯಂತ್ರದಲ್ಲಿರುವ ಕಡತಕ್ಕೂ ತಮ್ಮಲ್ಲಿರುವ ಕಡತಕ್ಕೂ ಸದಾ ತಾಳೆ ಮಾಡುತ್ತಿರುತ್ತವೆ. ಯಂತ್ರದಲ್ಲಿ ಕಡತ ಹಾಳಾದರೆ ಹಾಳಾದ ರೂಪವೇ ಅಲ್ಲಿಗೂ ಹೋಗುತ್ತದೆ. ಹಳೆಯ ರೂಪಗಳನ್ನು ಕೆಲವು ಕಾಲ ಉಳಿಸಿಕೊಡುವ ಸೌಲಭ್ಯ ಅವುಗಳಲ್ಲಿ ಇದೆಯಾದರೂ, ಎಷ್ಟು ದಿನಗಳವರೆಗೆ ಎಂಬುದನ್ನು ತಮ್ಮ ಯೋಜನೆಯ ಷರತ್ತಿನಲ್ಲಿ ನೋಡಿಕೊಳ್ಳದೆ ಅದನ್ನು ನಂಬುವಂತಿಲ್ಲ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರ ಬರಹದಿಂದ ಪ್ರಚಾರಕ್ಕೆ ಬಂದ ‘3-2-1’ ಸೂತ್ರವು ಸಣ್ಣ ಕಚೇರಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಕಾರ್ಯರೂಪದಲ್ಲಿ ಇದಕ್ಕೆ ಮೂರು ಬಾಹ್ಯ ಡಿಸ್ಕುಗಳೂ ಒಂದು ಅಂತರಜಾಲ ಸಂಗ್ರಹ ಸೇವೆಯೂ ಸಾಕು. ಸಮ ಸಂಖ್ಯೆಯ ದಿನಾಂಕದಂದು ಒಂದು ಡಿಸ್ಕಿಗೆ, ಬೆಸ ಸಂಖ್ಯೆಯಂದು ಇನ್ನೊಂದಕ್ಕೆ ಆ ದಿನದ ಲೆಕ್ಕವನ್ನು ಇಳಿಸಿ, ಕೂಡಲೇ ಕಳಚಿ, ಮಾಲೀಕರು ಅದನ್ನು ಮನೆಗೆ ಒಯ್ಯಬೇಕು. ಬೀರುವಿನ ಕೀಲಿಕೈ ಒಯ್ಯುತ್ತಿದ್ದ ಹಾಗೆಯೇ. ಮೂರನೆಯ ಡಿಸ್ಕು ತಿಂಗಳ ಕೊನೆಯ ಪ್ರತಿಗೆ ಮೀಸಲು. ಅದರಲ್ಲಿ ಪ್ರತಿ ತಿಂಗಳಿನದೂ ಬೇರೆ ಬೇರೆಯಾಗಿ ಉಳಿಯಬೇಕು, ಒಂದರ ಮೇಲೊಂದು ಬರೆಯಕೂಡದು.

ತಿಂಗಳ ಪ್ರತಿಯ ಅಗತ್ಯವನ್ನು ಸ್ವಲ್ಪ ವಿವರಿಸಬೇಕು. ಲೆಕ್ಕ ಹಾಳಾಗುವುದು ಯಾವಾಗಲೂ ಕಳ್ಳರಿಂದಲ್ಲ. ಗುಮಾಸ್ತರು ಗಡಿಬಿಡಿಯಲ್ಲಿ ಒಂದು ಖಾತೆಯನ್ನೇ ಅಳಿಸುವುದು, ವರ್ಷ ಬದಲಾಯಿಸುವಾಗ ಹಿಂದಿನ ವರ್ಷದ ಶಿಲ್ಕು ತಪ್ಪಿಹೋಗುವುದು, ಬರೆಯುತ್ತಿರುವ ನಡುವೆ ಕರೆಂಟು ಹೋಗಿ ಕಡತ ಕೆಡುವುದು ಇವು ಹೆಚ್ಚು ಸಾಮಾನ್ಯ. ಇಂತಹ ದೋಷ ಆ ದಿನವೇ ಕಣ್ಣಿಗೆ ಬೀಳುವುದಿಲ್ಲ; ಲೆಕ್ಕಪರಿಶೋಧನೆಯ ಕಾಲಕ್ಕೆ, ಅಂದರೆ ಆರೆಂಟು ತಿಂಗಳ ಬಳಿಕ ಗೊತ್ತಾಗುತ್ತದೆ. ಅಷ್ಟರಲ್ಲಿ ದಿನದ ಪ್ರತಿಗಳಲ್ಲೆಲ್ಲ ಅದೇ ದೋಷ ಸೇರಿಕೊಂಡಿರುತ್ತದೆ. ಆಗ ಕೈಹಿಡಿಯುವುದು ಹಳೆಯ ತಿಂಗಳ ಪ್ರತಿಯೊಂದೇ.

ಪೆನ್ ಡ್ರೈವನ್ನು ಸಾಗಣೆಗೆ ಬಳಸಬಹುದೇ ಹೊರತು ವರ್ಷಗಟ್ಟಲೆಯ ಸಂಗ್ರಹಕ್ಕೆ ನೆಚ್ಚಬಾರದು. ಮನೆಗೆ ಒಯ್ಯುವ ಡಿಸ್ಕಿಗೆ ಪಾಸ್‌ವರ್ಡ್ ರಕ್ಷಣೆ ಇರಲೇಬೇಕು. ದಾರಿಯಲ್ಲಿ ಕಳೆದರೆ ಗಿರಾಕಿಗಳ ಪಟ್ಟಿ ಮತ್ತು ದರಗಳು ಪ್ರತಿಸ್ಪರ್ಧಿಯ ಕೈ ಸೇರಬಹುದು. ಆ ಪಾಸ್‌ವರ್ಡನ್ನು ಬರೆದು, ಲಕೋಟೆಯಲ್ಲಿ ಅರಗು ಹಾಕಿ ಬ್ಯಾಂಕಿನ ಲಾಕರಿನಲ್ಲಿಡುವುದು ಹಳೆಯ ಪದ್ಧತಿಯಾದರೂ ಒಳ್ಳೆಯದು. ಟ್ಯಾಲಿ ತಂತ್ರಾಂಶದ ‘ಟ್ಯಾಲಿವಾಲ್ಟ್’ ಪಾಸ್‌ವರ್ಡ್ ಮರೆತರೆ ಅದನ್ನು ಮರಳಿ ಪಡೆಯುವ ಮಾರ್ಗವಿಲ್ಲ. ಪಾಸ್‌ವರ್ಡ್ ಒಬ್ಬನೇ ಗುಮಾಸ್ತನ ನೆನಪಿನಲ್ಲಿದ್ದು, ಆತ ಕೆಲಸ ಬಿಟ್ಟರೆ, ಲೆಕ್ಕವಿದ್ದೂ ಇಲ್ಲದಂತಾಗುತ್ತದೆ.

ಯಾವುದರ ಪ್ರತಿ ತೆಗೆಯಬೇಕೆಂಬುದರಲ್ಲೂ ವಿವೇಚನೆ ಬೇಕು. ಲೆಕ್ಕದ ಕಡತವೊಂದನ್ನೇ ಉಳಿಸಿ ಉಳಿದುದನ್ನು ಮರೆಯುವವರು ಬಹಳ. ವಾಸ್ತವದಲ್ಲಿ ಲೆಕ್ಕವು ಕಳೆದರೂ ಬ್ಯಾಂಕ್ ವಿವರಣಾಪಟ್ಟಿ, ತೆರಿಗೆ ರಿಟರ್ನ್, ಗಿರಾಕಿಗಳ ಲೆಕ್ಕಗಳಿಂದ ಅದನ್ನು ಶ್ರಮಪಟ್ಟು ಪುನಃ ಕಟ್ಟಬಹುದು. ಆದರೆ ಪೀಣ್ಯದ ಅಥವಾ ಬೆಳಗಾವಿಯ ಉದ್ಯಮಬಾಗ್‌ನ ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ಬಿಡಿಭಾಗಗಳ ನಕ್ಷೆಗಳು, ಸಿ.ಎನ್.ಸಿ. ಯಂತ್ರದ ಪ್ರೋಗ್ರಾಮುಗಳು, ದರಪಟ್ಟಿ ತಯಾರಿಸಿದ ಲೆಕ್ಕಾಚಾರಗಳು ಹೋದರೆ ಅವನ್ನು ಕೊಡಲು ಬೇರೆ ಯಾರ ಬಳಿಯೂ ಇರುವುದಿಲ್ಲ. ಗಣಕಯಂತ್ರದಲ್ಲೇ ಇಳಿಸಿಕೊಂಡ ಹಳೆಯ ಇ-ಮೇಲ್‌ಗಳೂ ಹಾಗೆಯೇ. ವ್ಯಾಜ್ಯವಾದಾಗ ಕರಾರಿಗೆ ಅವೇ ಸಾಕ್ಷಿ.

ತೆರೆದು ನೋಡದ ಪ್ರತಿ

ಗಿಟ್‌ಲ್ಯಾಬ್ ಎಂಬುದು ಇತರ ಸಂಸ್ಥೆಗಳ ತಂತ್ರಾಂಶ ಕಡತಗಳನ್ನು ಕಾಪಾಡಿಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಕಂಪನಿ. 2017ರ ಜನವರಿ 31ರಂದು ಅದರ ಎಂಜಿನಿಯರ್ ಒಬ್ಬರು ದುರಸ್ತಿ ಮಾಡುವ ಭರದಲ್ಲಿ ಬಳಕೆಯಲ್ಲಿದ್ದ ಮೂಲ ದತ್ತಾಂಶವನ್ನೇ ಅಳಿಸಿಬಿಟ್ಟರು. ಪ್ರತಿಗಾಗಿ ಹುಡುಕಿದಾಗ, ದಿನವೂ ತಾನೇತಾನಾಗಿ ನಡೆಯಬೇಕಿದ್ದ ಪ್ರತಿ ತೆಗೆಯುವ ಕೆಲಸ ಸದ್ದಿಲ್ಲದೆ ವಿಫಲವಾಗುತ್ತಿದ್ದುದು ಗೊತ್ತಾಯಿತು. ವಿಫಲವಾಯಿತೆಂದು ತಿಳಿಸುವ ಇ-ಮೇಲ್‌ಗಳೂ ತಲುಪಿರಲಿಲ್ಲ. ಬೇರೊಂದು ಪರೀಕ್ಷೆಗಾಗಿ ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿಯಿಂದ ಕಂಪನಿ ಚೇತರಿಸಿಕೊಂಡಿತು. ನುರಿತವರ ಪಾಡೇ ಹೀಗಿದ್ದರೆ ಅಂಗಡಿಯ ಗುಮಾಸ್ತರನ್ನು ದೂರಿ ಫಲವಿಲ್ಲ.

ಪರೀಕ್ಷೆಯ ವಿಧಾನ ಲೆಕ್ಕಿಗರಿಗೆ ಪರಿಚಿತವೇ ಆಗಿದೆ. ಮೂರು ತಿಂಗಳಿಗೊಮ್ಮೆ ಒಂದು ನಿಗದಿತ ದಿನ, ಪ್ರತಿಯಿರುವ ಡಿಸ್ಕನ್ನು ಬೇರೆ ಗಣಕಯಂತ್ರಕ್ಕೆ ಸಿಕ್ಕಿಸಿ ಲೆಕ್ಕವನ್ನು ಅಲ್ಲಿ ಮರುಸ್ಥಾಪಿಸಬೇಕು. ಹಿಂದಿನ ತಿಂಗಳ ಕೊನೆಯ ದಿನಾಂಕಕ್ಕೆ ತಾಳೆಪಟ್ಟಿ ತೆಗೆದು, ಒಟ್ಟು ಮೊತ್ತ, ಬಾಕಿದಾರರ ಮೊತ್ತ, ಬ್ಯಾಂಕ್ ಶಿಲ್ಕು ಈ ಮೂರನ್ನು ಮೂಲ ಯಂತ್ರದಿಂದ ಮುದ್ರಿಸಿಟ್ಟ ಕಾಗದದೊಡನೆ ಹೋಲಿಸಬೇಕು. ಮೂರೂ ಸರಿಹೊಂದಿದರೆ ಕಾಗದದ ಮೇಲೆ ದಿನಾಂಕ ಹಾಕಿ ಸಹಿ ಮಾಡಿ ಕಡತಕ್ಕೆ ಸೇರಿಸಬೇಕು. ಮರುಸ್ಥಾಪನೆಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆದಿಡಬೇಕು. ನಾಳೆ ನಿಜವಾಗಿಯೂ ಯಂತ್ರ ಕೈಕೊಟ್ಟರೆ ಬಿಲ್ ಹಾಕುವ ಕೆಲಸ ಎಷ್ಟು ಹೊತ್ತು ನಿಲ್ಲುತ್ತದೆಂಬ ಅಂದಾಜು ಅದರಿಂದ ಸಿಗುತ್ತದೆ.

ಬಾಗಿಲುಗಳ ವಿಚಾರ ಸಂಕ್ಷೇಪವಾಗಿ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ‘ವಾನಾಕ್ರೈ’ ಬಳಸಿಕೊಂಡ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್ 14ರಂದೇ ನೀಡಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದವರು ನಷ್ಟ ಅನುಭವಿಸಿದರು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಹಣ ಉಳಿಸಲೆಂದು ಹಾಕಿಸಿದ ನಕಲಿ ತಂತ್ರಾಂಶದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೀಗವನ್ನೇ ಕಳ್ಳನಿಂದ ಕೊಂಡಂತೆ. ಲೆಕ್ಕಿಗರು ಮನೆಯಿಂದ ಕೆಲಸ ಮಾಡಲು ಅನುಕೂಲವಾಗಲೆಂದು ‘ರಿಮೋಟ್ ಡೆಸ್ಕ್‌ಟಾಪ್’ ಸೌಲಭ್ಯವನ್ನು ಸುಲಭದ ಪಾಸ್‌ವರ್ಡಿನೊಂದಿಗೆ ಅಂತರಜಾಲಕ್ಕೆ ನೇರವಾಗಿ ತೆರೆದಿಡುವುದು ಒತ್ತೆಹಣದ ವಂಚಕರು ಒಳಬರುವ ಮುಖ್ಯ ದಾರಿಗಳಲ್ಲೊಂದು. ಅದನ್ನು ಸ್ಥಾಪಿಸಿದವರನ್ನು ಕರೆಸಿ ಎರಡು ಹಂತದ ದೃಢೀಕರಣವಿಲ್ಲದೆ ಒಳಬರಲಾಗದಂತೆ ಮಾಡಿಸತಕ್ಕದ್ದು.

ಬದಲಾದ ಖಾತೆ ಸಂಖ್ಯೆ

ಎರಡನೆಯ ಅಪಾಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಮಂಗಳೂರಿನ ಗೇರುಬೀಜ ಸಂಸ್ಕರಣಕಾರರೊಬ್ಬರು ಪಶ್ಚಿಮ ಆಫ್ರಿಕದ ಪೂರೈಕೆದಾರರಿಂದ ಕಚ್ಚಾ ಗೇರುಬೀಜ ತರಿಸುತ್ತಾರೆನ್ನೋಣ. ಐದಾರು ವರ್ಷಗಳ ವ್ಯವಹಾರ, ಪರಸ್ಪರ ನಂಬಿಕೆ ಇದೆ. ಸಾಖಪತ್ರದ, ಅಂದರೆ ಲೆಟರ್ ಆಫ್ ಕ್ರೆಡಿಟ್‌ನ, ಖರ್ಚು ಉಳಿಸಲು ನೇರ ವರ್ಗಾವಣೆಗೆ ಒಪ್ಪಿಕೊಂಡಿದ್ದಾರೆ. 60,000 ಡಾಲರ್ ಪಾವತಿಗೆ ಎರಡು ದಿನವಿರುವಾಗ ಪೂರೈಕೆದಾರರ ಹೆಸರಿನಲ್ಲಿ ಇ-ಮೇಲ್ ಬರುತ್ತದೆ. ಬಿಲ್ಲಿನ ಸಂಖ್ಯೆ ಸರಿಯಿದೆ, ಹಡಗಿನ ಹೆಸರು ಸರಿಯಿದೆ, ಬರೆಯುವ ಧಾಟಿಯೂ ಅವರದೇ. ತಮ್ಮ ಹಳೆಯ ಖಾತೆಯ ಲೆಕ್ಕಪರಿಶೋಧನೆ ನಡೆಯುತ್ತಿರುವುದರಿಂದ ಈ ಸಲದ ಹಣವನ್ನು ಬೇರೊಂದು ಬ್ಯಾಂಕಿನ ಖಾತೆಗೆ ಕಳುಹಿಸಬೇಕೆಂಬ ಕೋರಿಕೆ ಅದರಲ್ಲಿದೆ. ಹಣ ಹೋಗುತ್ತದೆ. ಎರಡು ವಾರಗಳ ಬಳಿಕ ನಿಜವಾದ ಪೂರೈಕೆದಾರರು ಹಣ ಬರಲಿಲ್ಲವೆಂದು ಫೋನ್ ಮಾಡಿದಾಗ ವಿಷಯ ಬಯಲಾಗುತ್ತದೆ.

ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಇದು 51 ಲಕ್ಷ ರೂಪಾಯಿಯ ನಷ್ಟ. ನಿವ್ವಳ ಲಾಭ ನೂರಕ್ಕೆ 4ರಷ್ಟಿರುವ ವ್ಯಾಪಾರದಲ್ಲಿ ಇಷ್ಟು ಹಣವನ್ನು ಮತ್ತೆ ಗಳಿಸಲು 12 ಕೋಟಿ 75 ಲಕ್ಷ ರೂಪಾಯಿಯ ಮಾರಾಟವಾಗಬೇಕು. ತಪ್ಪು ಖಾತೆಗೆ ಹಣ ಕಳಿಸಿದ ಮಾತ್ರಕ್ಕೆ ಪೂರೈಕೆದಾರರ ಸಾಲ ತೀರುವುದಿಲ್ಲವಾದ್ದರಿಂದ ಅದೇ ಮೊತ್ತವನ್ನು ಎರಡನೆಯ ಸಲ ಹೊಂದಿಸಬೇಕು. ಹೊಂದಿಸದಿದ್ದರೆ ಹಡಗಿನ ದಾಖಲೆಗಳು ಕೈಗೆ ಬಾರದೆ ಸರಕು ಬಂದರಿನಲ್ಲೇ ನಿಂತು ದಿನದಿನಕ್ಕೆ ಡೆಮರೇಜ್ ಏರುತ್ತದೆ.

ವಂಚಕನಿಗೆ ಬಿಲ್ಲಿನ ಸಂಖ್ಯೆ ಹೇಗೆ ತಿಳಿಯಿತೆಂಬುದು ಮುಖ್ಯ ಪ್ರಶ್ನೆ. ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರ ಇ-ಮೇಲ್ ಪಾಸ್‌ವರ್ಡ್ ತಿಂಗಳ ಹಿಂದೆಯೇ ಸೋರಿರುತ್ತದೆ. ವಂಚಕ ಆ ಪೆಟ್ಟಿಗೆಯೊಳಗೆ ಹೊಕ್ಕು, ಬರುವ ಪತ್ರಗಳೆಲ್ಲ ತನಗೂ ಒಂದು ಪ್ರತಿ ತಲುಪುವಂತೆ ಸೆಟ್ಟಿಂಗ್ ಬದಲಿಸಿ, ಪಾವತಿಯ ದಿನ ಹತ್ತಿರವಾಗುವವರೆಗೆ ಸುಮ್ಮನೆ ಓದುತ್ತ ಕೂತಿರುತ್ತಾನೆ. ಸಮಯ ಬಂದಾಗ ಹೋಲುವ ವಿಳಾಸವೊಂದನ್ನು ಸೃಷ್ಟಿಸಿ ಬರೆಯುತ್ತಾನೆ. ಇಂಗ್ಲಿಷಿನ ಸಣ್ಣ ‘ಎಂ’ ಅಕ್ಷರದ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಒತ್ತಾಗಿ ಇಟ್ಟರೆ, ಬೆಳಗಿನಿಂದ ಪರದೆ ನೋಡಿ ದಣಿದ ಕಣ್ಣು ವ್ಯತ್ಯಾಸ ಗುರುತಿಸುವುದಿಲ್ಲ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಲಿಥುವೇನಿಯದ ಎವಾಲ್ಡಾಸ್ ರಿಮಸೌಸ್ಕಸ್ ಎಂಬಾತ ತೈವಾನಿನ ಕ್ವಾಂಟಾ ಕಂಪ್ಯೂಟರ್ ಎಂಬ ಪೂರೈಕೆದಾರರ ಹೆಸರಿನಲ್ಲೇ ಲಾಟ್ವಿಯದಲ್ಲಿ ಇನ್ನೊಂದು ಕಂಪನಿ ನೋಂದಾಯಿಸಿ, 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್ ಸಂಸ್ಥೆಗಳಿಂದ 12 ಕೋಟಿ ಡಾಲರಿಗೂ ಮಿಕ್ಕಿ ಹಣ ಪಡೆದನು. ಅವನ ಆಯುಧಗಳು ಖೋಟಾ ಬಿಲ್ಲು, ಖೋಟಾ ಕರಾರು, ಇ-ಮೇಲ್ ಇಷ್ಟೇ. 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷಗಳ ಸೆರೆವಾಸ ವಿಧಿಸಿತು. ಅಮೆರಿಕದ ಎಫ್.ಬಿ.ಐ.ಗೆ ಬಂದ ದೂರುಗಳ ಪ್ರಕಾರ 2023ರಲ್ಲಿ ಈ ಬಗೆಯ ವಂಚನೆಯಿಂದಾದ ನಷ್ಟ 290 ಕೋಟಿ ಡಾಲರಿಗೂ ಅಧಿಕ.

ಇದಕ್ಕೆ ಪರಿಹಾರವಾಗಿ ದುಬಾರಿ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಹಣ ಪಡೆಯುವವರ ಬ್ಯಾಂಕ್ ಖಾತೆ ಬದಲಾದ ಸೂಚನೆ ಯಾವ ರೂಪದಲ್ಲಿ ಬಂದರೂ, ಹಳೆಯ ಕಡತದಲ್ಲಿರುವ ದೂರವಾಣಿ ಸಂಖ್ಯೆಗೆ ತಾವೇ ಕರೆ ಮಾಡಿ, ಪರಿಚಿತ ವ್ಯಕ್ತಿಯೊಡನೆ ಮಾತನಾಡಿ ಖಚಿತಪಡಿಸಿಕೊಳ್ಳುವವರೆಗೆ ಪಾವತಿ ಮಾಡತಕ್ಕದ್ದಲ್ಲ. ಆ ಇ-ಮೇಲ್‌ನಲ್ಲೇ ಕೊಟ್ಟ ಸಂಖ್ಯೆಗೆ ಕರೆ ಮಾಡುವುದು ನಿರರ್ಥಕ. ತಾವಾಗಿ ಬಂದ ಕರೆಯನ್ನೂ ನಂಬುವಂತಿಲ್ಲ. ಈಗ ಧ್ವನಿಯನ್ನೂ ಯಂತ್ರದಿಂದ ನಕಲು ಮಾಡಲಾಗುತ್ತಿದೆ. ಕರೆ ಮಾಡಿದವರು ಯಾರು, ಯಾವ ದಿನ, ಯಾರೊಡನೆ ಮಾತನಾಡಿದರು ಎಂಬುದನ್ನು ವೋಚರಿನ ಹಿಂಬದಿಯಲ್ಲಿ ಬರೆಯಬೇಕು. ಖಾತೆ ವಿವರ ದಾಖಲಿಸುವವರು ಒಬ್ಬರು, ಪಾವತಿಗೆ ಅನುಮೋದನೆ ನೀಡುವವರು ಇನ್ನೊಬ್ಬರು ಆಗಿರುವಂತೆ ಬ್ಯಾಂಕಿನಲ್ಲೇ ವ್ಯವಸ್ಥೆ ಮಾಡಿಸಬಹುದು.

ದೇಶದೊಳಗಿನ ಪಾವತಿಯಲ್ಲಿ ಇನ್ನೊಂದು ಅನುಕೂಲವಿದೆ. ನೆಫ್ಟ್ ಮತ್ತು ಆರ್.ಟಿ.ಜಿ.ಎಸ್. ಮೂಲಕ ಹೋದ ಹಣವನ್ನು ಬ್ಯಾಂಕುಗಳು ಖಾತೆ ಸಂಖ್ಯೆಯನ್ನಷ್ಟೇ ನೋಡಿ ಜಮೆ ಮಾಡುತ್ತವೆ, ಹೆಸರನ್ನು ಹೋಲಿಸುವುದಿಲ್ಲ ಎಂಬ ಸಂಗತಿ ಬಹಳ ವರ್ತಕರಿಗೆ ತಿಳಿದಿರಲಿಲ್ಲ. ಈ ಕೊರತೆ ನೀಗಲೆಂದು, ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಉಚಿತವಾಗಿ ಒದಗಿಸುವಂತೆ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ನಿರ್ದೇಶಿಸಿತು. ಪರದೆಯಲ್ಲಿ ಮೂಡುವ ಹೆಸರನ್ನು ಓದದೆ ಮುಂದಿನ ಗುಂಡಿ ಒತ್ತಿದರೆ ಮಾತ್ರ ಈ ಸೌಲಭ್ಯ ಇದ್ದೂ ವ್ಯರ್ಥ. ನೆಫ್ಟ್ 2019ರ ಡಿಸೆಂಬರಿನಿಂದಲೂ ಆರ್.ಟಿ.ಜಿ.ಎಸ್. 2020ರ ಡಿಸೆಂಬರಿನಿಂದಲೂ ರಜೆಯಿಲ್ಲದೆ ಹಗಲಿರುಳು ನಡೆಯುತ್ತಿವೆ. ಶನಿವಾರ ರಾತ್ರಿ ತಪ್ಪಿ ಕಳಿಸಿದ ಹಣ ಸೋಮವಾರ ಬ್ಯಾಂಕ್ ತೆರೆಯುವಷ್ಟರಲ್ಲಿ ನಾಲ್ಕಾರು ಖಾತೆ ದಾಟಿರಬಹುದು.

ರಫ್ತುದಾರರು ಇದೇ ವಂಚನೆಯ ಇನ್ನೊಂದು ಮುಖವನ್ನು ನೋಡಬೇಕಾಗುತ್ತದೆ. ಅವರ ಹೆಸರಿನಲ್ಲಿ ವಿದೇಶದ ಗಿರಾಕಿಗೆ ಸುಳ್ಳು ಪತ್ರ ಹೋಗಿ ಹಣ ವಂಚಕನ ಪಾಲಾದರೆ, ಸರಕು ಹೋಗಿಯೂ ಹಣ ಬಾರದೆ, ಬ್ಯಾಂಕಿನ ರಫ್ತು ದಾಖಲೆಯಲ್ಲಿ ಆ ಬಿಲ್ಲು ಬಾಕಿಯೆಂದೇ ಉಳಿಯುತ್ತದೆ. ‘ನಮ್ಮ ಬ್ಯಾಂಕ್ ಖಾತೆಯ ಬದಲಾವಣೆಯನ್ನು ಇ-ಮೇಲ್ ಮೂಲಕ ಎಂದಿಗೂ ತಿಳಿಸುವುದಿಲ್ಲ’ ಎಂಬ ಒಂದು ಸಾಲನ್ನು ಪ್ರತಿ ಬಿಲ್ಲಿನಲ್ಲಿ ಮುದ್ರಿಸುವುದಕ್ಕೆ ಖರ್ಚಿಲ್ಲ. ಇ-ಮೇಲ್‌ಗೆ ಎರಡು ಹಂತದ ದೃಢೀಕರಣ ಅಳವಡಿಸುವುದು, ಪತ್ರಗಳು ಬೇರೆ ವಿಳಾಸಕ್ಕೆ ರವಾನೆಯಾಗುತ್ತಿವೆಯೇ ಎಂದು ತಿಂಗಳಿಗೊಮ್ಮೆ ಸೆಟ್ಟಿಂಗ್ ನೋಡುವುದು ಎರಡೂ ಕಡೆಯವರಿಗೆ ಅನ್ವಯಿಸುವ ಮಾತು.

ಮಾಲೀಕರ ಹೆಸರಿನಲ್ಲೇ ಬರುವ ಸುಳ್ಳು ಆಜ್ಞೆಯದು ಇನ್ನೊಂದು ಬಗೆ. ಯಜಮಾನರ ಭಾವಚಿತ್ರವಿರುವ ಹೊಸ ಸಂಖ್ಯೆಯ ವಾಟ್ಸ್‌ಆ್ಯಪ್‌ನಿಂದ, ‘ಸಭೆಯಲ್ಲಿದ್ದೇನೆ, ಕರೆ ಮಾಡಬೇಡಿ, ಈ ಖಾತೆಗೆ ತುರ್ತಾಗಿ ನಾಲ್ಕು ಲಕ್ಷ ಕಳಿಸಿ’ ಎಂಬ ಸಂದೇಶ ಲೆಕ್ಕಿಗರಿಗೆ ಬರುತ್ತದೆ. ನಮ್ಮ ಅಂಗಡಿ, ಕಾರ್ಖಾನೆಗಳಲ್ಲಿ ಯಜಮಾನರ ಮಾತನ್ನು ಮರುಪ್ರಶ್ನಿಸುವ ರೂಢಿಯಿಲ್ಲ. ತಡವಾದರೆ ಬೈಗುಳ ತಿನ್ನಬೇಕಾದೀತೆಂಬ ಭಯವೂ ಉಂಟು. ವಂಚಕ ನೆಚ್ಚುವುದು ಈ ಭಯವನ್ನೇ. ಆದ್ದರಿಂದ ಇಲ್ಲಿ ಬದಲಾಗಬೇಕಾದವರು ಮಾಲೀಕರು. ಇಂತಹ ಸಂದೇಶ ಬಂದರೆ ತಮ್ಮ ಹಳೆಯ ಸಂಖ್ಯೆಗೆ ಕರೆ ಮಾಡದೆ ಹಣ ಕಳಿಸಕೂಡದೆಂದೂ, ಕರೆ ಮಾಡಿದ್ದಕ್ಕಾಗಿ ಯಾರನ್ನೂ ಆಕ್ಷೇಪಿಸುವುದಿಲ್ಲವೆಂದೂ ಅವರು ಲಿಖಿತವಾಗಿ ಸೂಚಿಸಿ, ಸಹಿ ಮಾಡಿ, ಲೆಕ್ಕಿಗರ ಮೇಜಿನ ಎದುರು ಅಂಟಿಸಬೇಕು.

ತೆರಿಗೆ ಇಲಾಖೆಯ ಹೆಸರಿನ ನೋಟಿಸುಗಳಿಗೂ ವರ್ತಕರು ಬೆದರಿ ಲಗತ್ತನ್ನು ತೆರೆಯುತ್ತಾರೆ. ಕೇಂದ್ರ ಪರೋಕ್ಷ ತೆರಿಗೆ ಅಧಿಕಾರಿಗಳ ಪತ್ರದಲ್ಲಿ ಡಿನ್ ಸಂಖ್ಯೆ, ಜಿ.ಎಸ್.ಟಿ. ಪೋರ್ಟಲ್ ಮೂಲಕ ಹೊರಡಿಸಿದ್ದರೆ ಆರ್.ಎಫ್.ಎನ್. ಸಂಖ್ಯೆ ಇರುತ್ತದೆ. ಪತ್ರದಲ್ಲಿನ ಕೊಂಡಿಯನ್ನು ಒತ್ತದೆ, ಇಲಾಖೆಯ ಜಾಲತಾಣವನ್ನು ಬೇರೆಯಾಗಿ ತೆರೆದು ಆ ಸಂಖ್ಯೆಯನ್ನು ಪರಿಶೀಲಿಸಬಹುದು. ಡಿಜಿಟಲ್ ಸಹಿಯ ಟೋಕನ್ನನ್ನು ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟು, ಅದರ ಪಿನ್ ಸಂಖ್ಯೆಯನ್ನು ಪರದೆಯ ಅಂಚಿಗೆ ಅಂಟಿಸುವ ಪದ್ಧತಿ ಈಗಲೂ ಕೆಲವೆಡೆ ಇದೆ. ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ಗಲ್ಲಾದ ಮೇಲೆ ಇಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ನಷ್ಟವಾದ ಮೇಲೆ

ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಹಿಡಿಯುವ ಈ ವ್ಯವಸ್ಥೆಯನ್ನು ಕೇಂದ್ರ ಗೃಹ ಸಚಿವಾಲಯ 2021ರಲ್ಲಿ ಆರಂಭಿಸಿತು. ಇಲ್ಲಿ ಲೆಕ್ಕ ದಿನಗಳದ್ದಲ್ಲ, ಗಂಟೆಗಳದ್ದು. ಜೊತೆಗೆ ತಮ್ಮ ಬ್ಯಾಂಕಿಗೆ ಲಿಖಿತ ದೂರು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು. ವಿದೇಶಕ್ಕೆ ಹೋದ ಹಣವಾದರೆ ಸ್ವಿಫ್ಟ್ ಮೂಲಕ ಹಿಂಪಡೆಯುವ ಕೋರಿಕೆ ಕಳಿಸುವಂತೆ ಬ್ಯಾಂಕನ್ನು ಆ ಕ್ಷಣವೇ ಕೇಳಬೇಕು. ಅದು ಕೋರಿಕೆ ಮಾತ್ರ, ಹಣ ಬರುವ ಖಾತರಿ ಅದರಲ್ಲಿಲ್ಲ. ಖಾತೆದಾರರಿಗೆ ತಿಳಿಯದೆ ನಡೆದ ವರ್ಗಾವಣೆಯಲ್ಲಿ ಬ್ಯಾಂಕಿನ ಹೊಣೆಯನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಗೊತ್ತುಪಡಿಸಿತ್ತು. ಆದರೆ ಖಾತೆದಾರರೇ ಮೋಸಹೋಗಿ ತಾವೇ ಕಳಿಸಿದ ಹಣವನ್ನು ‘ಅನಧಿಕೃತ ವ್ಯವಹಾರ’ವೆಂದು ಸಾಧಿಸುವುದು ಕಷ್ಟ. ಬ್ಯಾಂಕು ತುಂಬಿಕೊಡುತ್ತದೆಂಬ ನಿರೀಕ್ಷೆಯಲ್ಲಿ ಕಾಲ ಕಳೆಯಬಾರದು.

ಒತ್ತೆಹಣದ ತಂತ್ರಾಂಶ ತಗುಲಿದ್ದು ಕಂಡರೆ ಮೊದಲು ಜಾಲದ ತಂತಿ ಕೀಳಬೇಕು, ವೈಫೈ ನಿಲ್ಲಿಸಬೇಕು. ಗಾಬರಿಯಲ್ಲಿ ಪ್ರತಿಯಿರುವ ಡಿಸ್ಕನ್ನು ಆ ಯಂತ್ರಕ್ಕೆ ಸಿಕ್ಕಿಸಬಾರದು. ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವ ಆತುರವೂ ಬೇಡ. ಯೂರೋಪೋಲ್ ಮತ್ತು ಡಚ್ ಪೊಲೀಸರು ಇತರರೊಡಗೂಡಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆಯಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ದೊರೆಯುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಇಂತಹ ಘಟನೆಯನ್ನು ಅರಿವಿಗೆ ಬಂದ ಆರು ಗಂಟೆಗಳೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ಸಣ್ಣ ಉದ್ದಿಮೆಗಳಿಗೆ ಇದು 2022ರ ಸೆಪ್ಟೆಂಬರ್ 25ರಿಂದ ಅನ್ವಯವಾಯಿತು. ವಂಚನೆಯ ಇ-ಮೇಲನ್ನು ಕೋಪದಿಂದ ಅಳಿಸುವವರಿದ್ದಾರೆ. ಅದನ್ನು ಪೂರ್ಣ ಹೆಡರ್ ಸಹಿತ ಮೂಲ ರೂಪದಲ್ಲೇ ಉಳಿಸಬೇಕು. ನ್ಯಾಯಾಲಯದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅದನ್ನು ಹಾಜರುಪಡಿಸಬೇಕಾಗುತ್ತದೆ.

ಲೆಕ್ಕ ಬರೆಯುವ ವಿಷಯದಲ್ಲೊಂದು ಎಚ್ಚರಿಕೆ. ವಂಚಕನಿಗೆ ಹೋದ ಹಣವನ್ನು ಪೂರೈಕೆದಾರರ ಖಾತೆಗೆ ಖರ್ಚು ಬರೆದು ಬಾಕಿ ತೀರಿಸಿದಂತೆ ತೋರಿಸಬಾರದು. ‘ವಂಚನೆಯಿಂದ ವಸೂಲಾಗಬೇಕಾದ ಮೊತ್ತ’ ಎಂಬ ಪ್ರತ್ಯೇಕ ಖಾತೆ ತೆರೆದು ಅಲ್ಲಿ ತೋರಿಸಿ, ವಸೂಲಾಗುವ ಆಸೆ ಇಲ್ಲವೆಂದು ಖಚಿತವಾದ ಮೇಲೆ ನಷ್ಟಕ್ಕೆ ಒಯ್ಯಬೇಕು. ವ್ಯಾಪಾರ ನಡೆಸುವಲ್ಲಿ ಸಹಜವಾಗಿ ಉಂಟಾದ ಹಣದುರುಪಯೋಗದ ನಷ್ಟವನ್ನು ಲಾಭ ಲೆಕ್ಕಹಾಕುವಾಗ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 1958ರಷ್ಟು ಹಿಂದೆಯೇ ಬದ್ರಿದಾಸ್ ದಾಗಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಆ ಪ್ರಕರಣ ಪ್ರತಿನಿಧಿಯ ದುರುಪಯೋಗಕ್ಕೆ ಸಂಬಂಧಿಸಿದ್ದು. ಹೊರಗಿನವರ ವಂಚನೆಗೆ ಆ ತತ್ತ್ವವನ್ನು ಅನ್ವಯಿಸಲು ನಷ್ಟಕ್ಕೂ ವ್ಯಾಪಾರಕ್ಕೂ ಇರುವ ಸಂಬಂಧವನ್ನು ತೋರಿಸಬೇಕಾಗುತ್ತದೆ. ಪೊಲೀಸ್ ದೂರಿನ ಪ್ರತಿ, ಬ್ಯಾಂಕಿನೊಡನೆ ನಡೆದ ಪತ್ರವ್ಯವಹಾರ, ಪೂರೈಕೆದಾರರ ಬಿಲ್ಲು ಮತ್ತು ವಂಚಕನ ಇ-ಮೇಲ್ ಒಂದೇ ಕಡತದಲ್ಲಿದ್ದರೆ ಆ ವಾದ ಮಂಡಿಸಲು ಆಧಾರವಿರುತ್ತದೆ. ಮರ್ಯಾದೆಗೆ ಅಂಜಿ ದೂರನ್ನೇ ಕೊಡದೆ ಮುಚ್ಚಿಟ್ಟವರಿಗೆ ಆ ಆಧಾರವೂ ಇರುವುದಿಲ್ಲ.